ಬರಿಗಾಲಿನ ಆಟಗಾರ ಅಹಮದ್ ಖಾನ್

ಕಲೆಗಳಲ್ಲಿ ಕೆಲವು ಕಾಲವನ್ನು ಗೆದ್ದು ನಿಲ್ಲುತ್ತವೆ. ಕೆಲವು ಹುಟ್ಟಿದ ಗಳಿಗೆಯಲ್ಲಿಯೇ ಮರೆಯಾಗುತ್ತವೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ದೇವಾಲಯಗಳಲ್ಲಿ ಹೊಯ್ಸಳರ ಕಾಲದ ರೂವಾರಿಗಳು ಕಂಡರಿಸಿದ ಶಿಲ್ಪಗಳು ಎಂಟು ಒಂಬತ್ತು ಶತಮಾನಗಳು ಕಳೆದರೂ ನೋಡುವವರ ಕಣ್ಣಿಗೆ ಹಬ್ಬವಾಗಿವೆ. ಬೇಲೂರಿನ ಕೆಲವು ಶಿಲಾಬಾಲಿಕೆಯರ ಪೀಠಗಳಲ್ಲಿ ಅವರನ್ನು ಕಡೆದವರ ಹೆಸರುಗಳನ್ನು ಇಂದಿಗೂ ಓದಬಹುದು. ಆಟಗಾರನಿಗೆ ಈ ಭಾಗ್ಯವಿಲ್ಲ. ಅವನ ಕೌಶಲವು ಮೈದಾನದ ಹುಲ್ಲಿನ ಮೇಲೆ ಕ್ಷಣಕಾಲ ಮಿಂಚಿ ಅಡಗುತ್ತದೆ. ಅದನ್ನು ಕಂಡವರ ನೆನಪೇ ಅವನಿಗೆ ಶಿಲೆ, ಅವರ ಮಾತೇ ಅವನಿಗೆ ಶಾಸನ. ಕಂಡವರೂ ಕಾಲವಶರಾದ ಮೇಲೆ ಉಳಿಯುವುದು ಒಂದೆರಡು ಅಂಕಿ ಅಂಶಗಳು ಮಾತ್ರ.

ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿ, ಬರಿಗಾಲಿನಲ್ಲಿ ಚೆಂಡಾಡಿ, ದೂರದ ಬಂಗಾಳದ ಲಕ್ಷಾಂತರ ನಿರಾಶ್ರಿತರ ಮನೆಮಾತಾದ ಅಹಮದ್ ಖಾನರ ಬಾಳೂ ಅಂತಹದೇ. ಇಂದಿನ ತರುಣರಲ್ಲಿ ಅವರ ಹೆಸರು ಕೇಳಿದವರು ವಿರಳ. ಆದರೆ ಸ್ವತಂತ್ರ ಭಾರತದ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಮೊದಲ ಹತ್ತು ವರ್ಷಗಳ ಪುಟಗಳನ್ನು ತಿರುವಿದರೆ ಆ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ.

ಅಹಮದ್ ಖಾನರು ಜನಿಸಿದ್ದು 1926ರ ಡಿಸೆಂಬರ್ 24ರಂದು, ಬೆಂಗಳೂರಿನಲ್ಲಿ. ಅಂದಿನ ಬೆಂಗಳೂರು ಎರಡು ಭಾಗಗಳಾಗಿದ್ದಿತು. ಒಂದು ಕೆಂಪೇಗೌಡನ ಹಳೆಯ ಪೇಟೆ. ಇನ್ನೊಂದು 1809ರಲ್ಲಿ ಸ್ಥಾಪನೆಗೊಂಡ ಬ್ರಿಟಿಷರ ದಂಡು ಪ್ರದೇಶ. ದಂಡಿನ ಮೈದಾನಗಳಲ್ಲಿ ಇಂಗ್ಲಿಷ್ ಸಿಪಾಯಿಗಳು ಸಂಜೆಯ ಹೊತ್ತು ಕಾಲ್ಚೆಂಡಾಡುತ್ತಿದ್ದರು. ಸುತ್ತ ನಿಂತು ನೋಡುತ್ತಿದ್ದ ಹುಡುಗರು ಆ ಆಟವನ್ನು ಕಲಿತು, ತಮ್ಮ ಬೀದಿಗಳಿಗೂ ಬಯಲುಗಳಿಗೂ ಕೊಂಡೊಯ್ದರು. ಸಿಪಾಯಿಗಳ ಕಾಲಿನಲ್ಲಿ ಬೂಟುಗಳಿದ್ದವು. ಹುಡುಗರ ಕಾಲಿನಲ್ಲಿ ಏನೂ ಇರಲಿಲ್ಲ. ಆಟ ಒಂದೇ ಆದರೂ ಅದರ ಬಗೆ ಬೇರೆಯಾಯಿತು. ಚೆಂಡನ್ನು ಬಲವಾಗಿ ಒದ್ದು ಅದರ ಹಿಂದೆ ಓಡುವುದು ಸಿಪಾಯಿಗಳ ರೀತಿ. ಚೆಂಡನ್ನು ಪಾದದ ಬಳಿಯಲ್ಲಿಯೇ ಇಟ್ಟುಕೊಂಡು, ಎದುರಾಳಿಯನ್ನು ವಂಚಿಸಿ, ಸಂದು ಕಂಡಲ್ಲಿ ನುಸುಳುವುದು ಬರಿಗಾಲಿನ ಹುಡುಗರ ರೀತಿ.

ಅಹಮದರಿಗೆ ಈ ಆಟ ಮನೆಯ ಸೊತ್ತಾಗಿ ಬಂದಿತು. ಅವರ ತಂದೆಯೂ ಕಾಲ್ಚೆಂಡಾಟಗಾರರು, ಸೋದರರೂ ಆಟಗಾರರು. ಇಂತಹ ಮನೆಯಲ್ಲಿ ಬೆಳೆದ ಬಾಲಕನಿಗೆ ಚೆಂಡಿನ ನಂಟು ತಾನಾಗಿಯೇ ಬೆಳೆಯಿತು. ಮೊದಲು ಬೆಂಗಳೂರು ಕ್ರೆಸೆಂಟ್ ಸಂಘದಲ್ಲಿಯೂ ಅನಂತರ ಬೆಂಗಳೂರು ಮುಸ್ಲಿಮ್ಸ್ ಸಂಘದಲ್ಲಿಯೂ ಅವರು ಆಡಿದರು.

ಬೆಂಗಳೂರು ಮುಸ್ಲಿಮ್ಸ್ ಸಂಘದ ಹೆಸರು ಆ ವೇಳೆಗಾಗಲೇ ನಾಡಿನ ಎಲ್ಲೆಯನ್ನು ದಾಟಿದ್ದಿತು. ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾದುದು. ಸುಮಾರು ನಾಲ್ವತ್ತೈದು ವರ್ಷಗಳ ಕಾಲ ಆ ಬಟ್ಟಲು ಬ್ರಿಟಿಷ್ ಪಡೆಗಳ ಕೈಬಿಟ್ಟು ಹೋಗಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದು, ಆ ಗೌರವಕ್ಕೆ ಪಾತ್ರವಾದ ಮೊದಲ ಭಾರತೀಯ ಸಂಘವೆನಿಸಿತು. ಮರುವರ್ಷವೂ ಅದೇ ತಂಡ ಗೆದ್ದಿತು. ಅಂದು ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುತ್ತಿದ್ದ ಮೀಟರ್‌ಗೇಜ್ ರೈಲು ಹಾದಿ ಅರಸೀಕೆರೆ ಜಂಕ್ಷನ್ನಿನ ಮೂಲಕ ಹಾದು, ಹುಬ್ಬಳ್ಳಿಯ ದಾರಿಯಾಗಿ ಉತ್ತರಕ್ಕೆ ಹೋಗುತ್ತಿತ್ತು. ಆಳುವವರ ಆಟವನ್ನು ಆಳುವವರಿಂದಲೇ ಕಲಿತು, ಅವರನ್ನೇ ಸೋಲಿಸಿ ಬಂದ ತಂಡವನ್ನು ಕಂಡಾಗ ಹತ್ತು ಹನ್ನೊಂದು ವಯಸ್ಸಿನ ಹುಡುಗರ ಮನಸ್ಸಿನಲ್ಲಿ ಎಂತಹ ಕನಸುಗಳು ಮೂಡಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಹಮದರು ಆ ವಯಸ್ಸಿನವರೇ ಆಗಿದ್ದರು.

ಮೈಸೂರು ಸಂಸ್ಥಾನದ ಆಟಗಾರರಿಗೆ ಅದು ಏಳಿಗೆಯ ಕಾಲ. ಪ್ರಾಂತ್ಯಗಳ ತಂಡಗಳಿಗಾಗಿ 1941ರಲ್ಲಿ ಏರ್ಪಟ್ಟ ಸಂತೋಷ್ ಟ್ರೋಫಿ ಪಂದ್ಯಾವಳಿಯನ್ನು ಮೈಸೂರು ತಂಡ 1946ರಲ್ಲಿ ಗೆದ್ದುಕೊಂಡಿತು. ಆದುದರಿಂದ ಸ್ವತಂತ್ರ ಭಾರತ ತನ್ನ ಮೊದಲ ಒಲಿಂಪಿಕ್ ಕಾಲ್ಚೆಂಡು ತಂಡವನ್ನು 1948ರಲ್ಲಿ ಲಂಡನ್ನಿಗೆ ಕಳುಹಿಸಿದಾಗ ಅದರಲ್ಲಿ ಬೆಂಗಳೂರಿನ ಆಟಗಾರರಿಗೆ ಸ್ಥಾನ ದೊರೆತುದು ಆಶ್ಚರ್ಯವಲ್ಲ. ಇಪ್ಪತ್ತೊಂದು ವರ್ಷದ ಅಹಮದ್ ಖಾನರೂ ಅವರಲ್ಲೊಬ್ಬರಾಗಿದ್ದರು.

1948ರ ಜುಲೈ 31ರಂದು ಲಂಡನ್ನಿನ ಬಳಿಯ ಇಲ್‌ಫರ್ಡ್‌ನಲ್ಲಿ ಭಾರತ ಫ್ರಾನ್ಸನ್ನು ಎದುರಿಸಿತು. ಭಾರತದ ಆಟಗಾರರಲ್ಲಿ ಬಹುಮಂದಿ ಬರಿಗಾಲಿನಲ್ಲಿಯೇ ಮೈದಾನಕ್ಕಿಳಿದರು. ಪ್ರೇಕ್ಷಕರು ಬೆರಗಾದರು. ಕಬ್ಬಿಣದಂತಹ ಬೂಟುಗಳ ನಡುವೆ ಈ ಬರಿಯ ಪಾದಗಳು ಉಳಿಯುವುದೆಂತು ಎಂಬುದು ಎಲ್ಲರ ಶಂಕೆ. ಆದರೆ ಆಟ ಸಾಗಿದಂತೆ ಶಂಕೆ ಮೆಚ್ಚುಗೆಯಾಗಿ ಮಾರ್ಪಟ್ಟಿತು. ಮೂವತ್ತನೆಯ ನಿಮಿಷದಲ್ಲಿ ಫ್ರಾನ್ಸ್ ಒಂದು ಗೋಲು ಗಳಿಸಿತು. ಎಪ್ಪತ್ತನೆಯ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಅದನ್ನು ಸರಿಗಟ್ಟಿದರು. ಸ್ವತಂತ್ರ ಭಾರತವು ಒಲಿಂಪಿಕ್ ಕಾಲ್ಚೆಂಡಾಟದಲ್ಲಿ ಗಳಿಸಿದ ಮೊದಲ ಗೋಲು ಅದು. ಆ ದಿನ ಭಾರತಕ್ಕೆ ಎರಡು ಪೆನಾಲ್ಟಿ ಒದೆತಗಳು ದೊರೆತವು, ಎರಡೂ ವ್ಯರ್ಥವಾದವು. ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿರುವಾಗ ಫ್ರಾನ್ಸ್ ಎರಡನೆಯ ಗೋಲನ್ನು ಹೊಡೆದು 2–1ರಿಂದ ಗೆದ್ದಿತು.

ಈ ಸೋಲಿನಲ್ಲಿ ಒಂದು ಪಾಠವಡಗಿದ್ದಿತು. ಅಂದು ನಮ್ಮ ದೇಶದ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷಗಳ ಕಾಲ. ಒಲಿಂಪಿಕ್ ಪಂದ್ಯದ ಅವಧಿ 90 ನಿಮಿಷಗಳು. ನಮ್ಮವರು ಗೋಲು ಗಳಿಸಿದ ಎಪ್ಪತ್ತನೆಯ ನಿಮಿಷಕ್ಕೆ ನಮ್ಮ ದೇಶದಲ್ಲಾಗಿದ್ದರೆ ಆಟ ಮುಗಿದು ಹೋಗುತ್ತಿತ್ತು. ಉಳಿದ ಇಪ್ಪತ್ತು ನಿಮಿಷಗಳ ಆಟಕ್ಕೆ ಬೇಕಾದ ದಮ್ಮು, ಅಭ್ಯಾಸಗಳು ನಮ್ಮಲ್ಲಿರಲಿಲ್ಲ. ಕೌಶಲದಲ್ಲಿ ಹಿಂದುಳಿಯದವರು ಸಿದ್ಧತೆಯಲ್ಲಿ ಹಿಂದುಳಿದಿದ್ದರು. ಆದರೂ ಬರಿಗಾಲಿನ ತಂಡ ತೋರಿದ ಚಾತುರ್ಯ ಯೂರೋಪಿನ ಜನರ ಮನಸ್ಸನ್ನು ಸೆಳೆಯಿತು. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ಸಂಘ ರೋವರ್ಸ್ ಬಟ್ಟಲನ್ನು ಮೂರನೆಯ ಬಾರಿ ಗೆದ್ದುಕೊಂಡಿತು.

ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘದ ಕಾರ್ಯದರ್ಶಿಯಾಗಿದ್ದ ಜ್ಯೋತಿಷ್ ಚಂದ್ರ ಗುಹ ಅವರು ಪ್ರತಿಭೆಯನ್ನು ಗುರುತಿಸುವುದರಲ್ಲಿ ನಿಪುಣರು. ದಕ್ಷಿಣ ಭಾರತದ ಆಟಗಾರರ ಮೇಲೆ ಅವರಿಗೆ ವಿಶೇಷ ಕಣ್ಣು. 1949ರಲ್ಲಿ ಅಹಮದ್ ಖಾನರು ಆ ಸಂಘವನ್ನು ಸೇರಿದರು. ಇಲ್ಲಿಂದ ಅವರ ಬಾಳಿನ ಮುಖ್ಯ ಅಧ್ಯಾಯ ಆರಂಭವಾಗುತ್ತದೆ.

ಈ ಅಧ್ಯಾಯದ ಮಹತ್ವವನ್ನು ತಿಳಿಯಬೇಕಾದರೆ ಅಂದಿನ ಕಲ್ಕತ್ತೆಯ ಸ್ಥಿತಿಯನ್ನು ತಿಳಿಯಬೇಕು. 1947ರಲ್ಲಿ ದೇಶ ವಿಭಜನೆಯಾದಾಗ ಬಂಗಾಳವೂ ಇಬ್ಭಾಗವಾಯಿತು. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಅಲ್ಲಿನ ಹಿಂದೂಗಳು ಮನೆ, ಹೊಲ, ಕೆರೆ, ತೋಟಗಳನ್ನು ತೊರೆದು ಕಲ್ಕತ್ತೆಯತ್ತ ಹರಿದು ಬಂದರು. ಸಿಯಾಲ್ದಾ ರೈಲು ನಿಲ್ದಾಣದ ಕಟ್ಟೆಗಳೇ ಅನೇಕರಿಗೆ ಮನೆಗಳಾದವು. ನಗರದ ಅಂಚಿನಲ್ಲಿ ತಡಿಕೆಯ ಗುಡಿಸಲುಗಳ ವಸತಿಗಳು ತಲೆಯೆತ್ತಿದವು. ಊರಿನ ಹೆಸರು ಹೇಳಿಕೊಳ್ಳಲು ಊರೇ ಇಲ್ಲದವರಿಗೆ ಒಂದು ಹೆಸರು ಮಾತ್ರ ಉಳಿದಿದ್ದಿತು. 1920ರಲ್ಲಿ ಸ್ಥಾಪಿತವಾಗಿದ್ದ ಈಸ್ಟ್ ಬೆಂಗಾಲ್ ಸಂಘವು ತನ್ನ ಹೆಸರಿನಲ್ಲಿಯೇ ಅವರ ಕಳೆದುಹೋದ ನಾಡನ್ನು ಹೊತ್ತುಕೊಂಡಿದ್ದಿತು. ಕೆಂಪು ಹಳದಿ ಅಂಗಿಯ ಆ ತಂಡ ಮೈದಾನಕ್ಕಿಳಿದಾಗ ನಿರಾಶ್ರಿತರು ತಮ್ಮ ದುಃಖವನ್ನು ಮರೆತು ಎದ್ದು ನಿಲ್ಲುತ್ತಿದ್ದರು. ತಂಡದ ಗೆಲುವು ಅವರಿಗೆ ತಾವಿನ್ನೂ ಸೋತಿಲ್ಲವೆಂಬ ಭರವಸೆಯಾಗಿದ್ದಿತು.

ಇಂತಹ ಜನರ ಮುಂದೆ ಆಡಲು ಬಂದವರು ಬೆಂಗಳೂರಿನ ಅಹಮದ್ ಖಾನ್. ಬಂಗಾಳಿಗಳಲ್ಲ, ಆ ಭಾಷೆಯ ನೆಲದಲ್ಲಿ ಹುಟ್ಟಿದವರಲ್ಲ, ಧರ್ಮದಿಂದ ಮುಸಲ್ಮಾನರು. ಧರ್ಮದ ಹೆಸರಿನಲ್ಲಿ ನಡೆದ ವಿಭಜನೆಯಿಂದ ಮನೆಮಠ ಕಳೆದುಕೊಂಡವರು ಈ ತರುಣನನ್ನು ಹೇಗೆ ಬರಮಾಡಿಕೊಂಡಾರು ಎಂಬ ಪ್ರಶ್ನೆ ಸಹಜವಾದುದು. ಅದಕ್ಕೆ ಉತ್ತರ ಮೈದಾನದಲ್ಲಿಯೇ ದೊರೆಯಿತು.

ಅಂದಿನ ಕಾಲ್ಚೆಂಡಾಟದಲ್ಲಿ ಮುಂಚೂಣಿಯಲ್ಲಿ ಐವರು ಆಡುತ್ತಿದ್ದರು. ಎರಡು ಅಂಚುಗಳಲ್ಲಿ ಇಬ್ಬರು, ನಟ್ಟನಡುವೆ ಒಬ್ಬರು, ನಡುವಿಗೂ ಅಂಚಿಗೂ ಮಧ್ಯೆ ಎರಡು ಕಡೆ ಇಬ್ಬರು. ಈಸ್ಟ್ ಬೆಂಗಾಲ್ ತಂಡದ ಬಲ ಅಂಚಿನಲ್ಲಿ ವೆಂಕಟೇಶ್, ಅವರ ಪಕ್ಕದಲ್ಲಿ ಆಂಧ್ರದ ಅಪ್ಪಾರಾವ್, ನಡುವೆ ಧನರಾಜ್, ಎಡ ಅಂಚಿನಲ್ಲಿ ಕೇರಳದ ಸಾಲೆ. ಧನರಾಜರಿಗೂ ಸಾಲೆಯವರಿಗೂ ನಡುವಣ ಸ್ಥಾನ, ಅಂದರೆ ಇನ್‌ಸೈಡ್ ಲೆಫ್ಟ್, ಅಹಮದ್ ಖಾನರದು. ಐವರೂ ದಕ್ಷಿಣ ಭಾರತದವರು. ಅಪ್ಪಾರಾವ್ ಮತ್ತು ಸಾಲೆ ಮೊದಲೇ ಸಂಘವನ್ನು ಸೇರಿದ್ದರು. ಅಹಮದರ ಆಗಮನದಿಂದ ಐದರ ಸಂಖ್ಯೆ ಪೂರ್ಣವಾಯಿತು. ಕಲ್ಕತ್ತೆಯ ಜನ ಈ ಐವರಿಗೆ ಇಟ್ಟ ಹೆಸರು ಪಂಚಪಾಂಡವರು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಸುತ್ತಿ ಬಂದವರು ಅಲ್ಲಿ ಮಹಾಭಾರತದ ಕಥೆಯನ್ನು ಕಲ್ಲಿನಲ್ಲಿ ಕಂಡಿರುತ್ತಾರೆ. ಶರಶಯ್ಯೆಯ ಭೀಷ್ಮ, ಚಕ್ರವ್ಯೂಹದೊಳಗಿನ ಅಭಿಮನ್ಯು ಮುಂತಾದ ಪ್ರಸಂಗಗಳು ಅಲ್ಲಿ ಬಳಪದ ಕಲ್ಲಿನಲ್ಲಿ ಜೀವಂತವಾಗಿವೆ. ರಾಜ್ಯವನ್ನು ಕಳೆದುಕೊಂಡು ಕಾಡು ಪಾಲಾಗಿ, ಮತ್ತೆ ಗೆದ್ದು ಬಂದ ಐವರು ಸೋದರರ ಆ ಕಥೆ ಈ ದೇಶದ ಎಲ್ಲ ನುಡಿಗಳಲ್ಲಿಯೂ ಇದೆ. ನಾಡು ಕಳೆದುಕೊಂಡು ಬಂದ ಬಂಗಾಳದ ಜನರಿಗೆ ವನವಾಸದ ಪಾಂಡವರು ನೆನಪಾದುದರಲ್ಲಿ ಅಚ್ಚರಿಯಿಲ್ಲ. ಗಮನಿಸತಕ್ಕ ಸಂಗತಿಯೆಂದರೆ, ಆ ಐವರಲ್ಲಿ ಅಹಮದ್ ಮತ್ತು ಸಾಲೆ ಇಬ್ಬರೂ ಮುಸಲ್ಮಾನರಾಗಿದ್ದುದು. ಪಾಂಡವರ ಹೆಸರನ್ನು ಅವರಿಗಿಡುವಾಗ ಜನ ಅವರ ಜಾತಿ ಮತಗಳನ್ನು ವಿಚಾರಿಸಲಿಲ್ಲ. ಯಾವ ಸಭೆಯೂ ಈ ನಿರ್ಣಯವನ್ನು ಕೈಗೊಳ್ಳಲಿಲ್ಲ. ಯಾವ ನಾಯಕನೂ ಅದನ್ನು ಬೋಧಿಸಲಿಲ್ಲ. ಮೈದಾನದ ಅಂಚಿನಲ್ಲಿ ನಿಂತ ಸಾಮಾನ್ಯ ಜನರ ಬಾಯಿಂದ ಅದು ತಾನಾಗಿ ಹೊರಟಿತು.

1950ರ ಆರಂಭದಲ್ಲಿ ಪೂರ್ವ ಬಂಗಾಳದಲ್ಲಿಯೂ ಕಲ್ಕತ್ತೆಯಲ್ಲಿಯೂ ಮತ್ತೆ ಕೋಮು ಗಲಭೆಗಳು ಭುಗಿಲೆದ್ದವು. ನಿರಾಶ್ರಿತರ ಹೊಸ ಪ್ರವಾಹವೇ ಗಡಿ ದಾಟಿ ಬಂದಿತು. ಏಪ್ರಿಲ್ 8ರಂದು ಎರಡು ದೇಶಗಳ ಪ್ರಧಾನಿಗಳಾದ ನೆಹರೂ ಮತ್ತು ಲಿಯಾಖತ್ ಅಲಿ ಖಾನರು ಅಲ್ಪಸಂಖ್ಯಾತರ ರಕ್ಷಣೆಗಾಗಿ ಒಪ್ಪಂದಕ್ಕೆ ಸಹಿ ಹಾಕಿದರು. ಮನಸ್ಸುಗಳು ಒಡೆದಿದ್ದ ಆ ವರ್ಷದಲ್ಲಿಯೂ ಪಂಚಪಾಂಡವರು ಒಂದಾಗಿಯೇ ಆಡಿದರು. ಈಸ್ಟ್ ಬೆಂಗಾಲ್ ಕಲ್ಕತ್ತೆಯ ಲೀಗ್ ಪಂದ್ಯಾವಳಿಯನ್ನೂ ಐ.ಎಫ್.ಎ. ಷೀಲ್ಡನ್ನೂ ಗೆದ್ದಿತು. ಮನೆ ಸುಟ್ಟ ಹೊಗೆಯನ್ನು ಕಣ್ಣಿನಲ್ಲಿ ಹೊತ್ತು ಬಂದವರು ಅಹಮದ್ ಖಾನರ ಕಾಲಿಗೆ ಚೆಂಡು ಬಂದೊಡನೆ ಹರ್ಷದಿಂದ ಕೂಗಿದರು. ಅವರ ಬಾಳಿನ ಅತಿದೊಡ್ಡ ಗೆಲುವು ಯಾವುದೆಂದು ಕೇಳಿದರೆ, ಬಟ್ಟಲುಗಳ ಪಟ್ಟಿಗಿಂತ ಮೊದಲು ಇದನ್ನು ಹೇಳಬೇಕು.

ಬಟ್ಟಲುಗಳ ಪಟ್ಟಿಯೂ ಸಣ್ಣದಲ್ಲ. ಅಹಮದರು ಸೇರಿದ 1949ರಲ್ಲಿಯೇ ಈಸ್ಟ್ ಬೆಂಗಾಲ್ ಲೀಗ್, ಷೀಲ್ಡ್, ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1949, 1950, 1951 ಹೀಗೆ ಮೂರು ವರ್ಷ ಒಂದೇ ಸಮನೆ ಷೀಲ್ಡನ್ನು ಗೆದ್ದುದು ಭಾರತೀಯ ಸಂಘಗಳಲ್ಲಿ ಅದುವರೆಗೆ ಯಾರೂ ಮಾಡದ ಸಾಧನೆ. 1951 ಮತ್ತು 1952ರಲ್ಲಿ ದೆಹಲಿಯ ಡ್ಯೂರಾಂಡ್ ಕಪ್ ಅದರ ಪಾಲಾಯಿತು. 1952ರಲ್ಲಿ ಲೀಗ್ ಮತ್ತೊಮ್ಮೆ ದೊರೆಯಿತು. 1953ರಲ್ಲಿ ಸಂಘವು ರುಮೇನಿಯ ಮತ್ತು ಸೋವಿಯತ್ ದೇಶಗಳಲ್ಲಿ ಪ್ರವಾಸ ಮಾಡಿತು. ಸುಮಾರು ಐದು ವರ್ಷಗಳ ಕಾಲ ಈ ಐವರ ಮುಂಚೂಣಿ ದೇಶದ ಎಲ್ಲ ರಕ್ಷಣಾ ಪಂಕ್ತಿಗಳಿಗೂ ಸಿಂಹಸ್ವಪ್ನವಾಗಿದ್ದಿತು.

ಅಹಮದರ ಆಟದ ಸ್ವರೂಪವೇನು? ಇನ್‌ಸೈಡ್ ಲೆಫ್ಟ್ ಸ್ಥಾನದ ಆಟಗಾರನದು ಎರಡು ಬಗೆಯ ಕೆಲಸ. ಹಿಂದಿನಿಂದ ಬಂದ ಚೆಂಡನ್ನು ಪಡೆದು ಮುಂದಿನವರಿಗೆ ಒದಗಿಸುವುದು ಒಂದು. ಸಮಯ ನೋಡಿ ತಾನೇ ನುಗ್ಗಿ ಗೋಲು ಹೊಡೆಯುವುದು ಮತ್ತೊಂದು. ಕಟ್ಟುವವನೂ ಅವನೇ, ಕೆಡಹುವವನೂ ಅವನೇ. ಅಹಮದರು ಎರಡರಲ್ಲಿಯೂ ನಿಷ್ಣಾತರು. ಚೆಂಡನ್ನು ಪಾದಕ್ಕೆ ಅಂಟಿಸಿಕೊಂಡಂತೆ ಅವರು ಎದುರಾಳಿಗಳ ನಡುವೆ ಬಳುಕಿ ಸಾಗುವಾಗ, ಪುಂಗಿಯ ನಾದಕ್ಕೆ ತಲೆದೂಗುವ ಹಾವಿನಂತೆ ರಕ್ಷಕರು ಅವರ ಕಾಲುಗಳ ಚಲನೆಗೆ ಮರುಳಾಗಿ ಅತ್ತಿತ್ತ ತೂಗುತ್ತಿದ್ದರು. ಇದರಿಂದಲೇ ಜನ ಅವರನ್ನು ಹಾವಾಡಿಗನೆಂದು ಕರೆದರು. ದೇಹಬಲದ ಆಟವಲ್ಲ ಅವರದು. ಬುದ್ಧಿಯ ಆಟ, ಸಮತೋಲದ ಆಟ.

ಇದಕ್ಕೆ ಬರಿಗಾಲು ನೆರವಾಯಿತೇ, ತೊಡಕಾಯಿತೇ ಎಂಬುದು ವಿಚಾರಾರ್ಹ. ಬರಿಯ ಪಾದಕ್ಕೆ ಚೆಂಡಿನ ಸ್ಪರ್ಶ ನೇರವಾಗಿ ತಿಳಿಯುತ್ತದೆ. ಬೆರಳುಗಳಿಂದ ಅದನ್ನು ತಿರುಗಿಸಬಹುದು, ಹಿಡಿದು ನಿಲ್ಲಿಸಬಹುದು. ಒಣಗಿದ ನೆಲದ ಮೇಲೆ ಇದು ದೊಡ್ಡ ಅನುಕೂಲ. ಆದರೆ ಕಲ್ಕತ್ತೆಯ ಲೀಗ್ ಪಂದ್ಯಗಳು ನಡೆಯುತ್ತಿದ್ದುದು ಮಳೆಗಾಲದಲ್ಲಿ. ಕೆಸರಿನ ನೆಲದಲ್ಲಿ ಬರಿಗಾಲು ಜಾರುತ್ತದೆ. ನೆನೆದು ಭಾರವಾದ ಚರ್ಮದ ಚೆಂಡನ್ನು ದೂರ ಒದೆಯಲು ಅದಕ್ಕೆ ಶಕ್ತಿ ಸಾಲದು. ಬೂಟಿನ ತುಳಿತಕ್ಕೆ ಬೆರಳುಗಳು ನಲುಗುತ್ತವೆ. ಇಷ್ಟು ತೊಡಕುಗಳಿದ್ದರೂ ಅಭ್ಯಾಸಬಲದಿಂದ ಅಂದಿನ ಆಟಗಾರರಲ್ಲಿ ಅನೇಕರು ಬರಿಗಾಲನ್ನೇ ನಚ್ಚಿದ್ದರು.

1950ರಲ್ಲಿ ಬ್ರೆಜಿಲ್ ದೇಶದಲ್ಲಿ ವಿಶ್ವಕಪ್ ಪಂದ್ಯಾವಳಿ ನಡೆಯಿತು. ಬರ್ಮಾ, ಫಿಲಿಪ್ಪೀನ್ಸ್ ಮತ್ತು ಇಂಡೊನೇಷ್ಯ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಅದರಲ್ಲಿ ಭಾಗವಹಿಸುವ ಅವಕಾಶ ಆಡದೆಯೇ ಒದಗಿತು. ಆದರೆ ಭಾರತ ತಂಡವನ್ನು ಕಳುಹಿಸಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ದೊರೆಯದಿದ್ದುದೇ ಇದಕ್ಕೆ ಕಾರಣವೆಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಅದು ಪೂರ್ಣ ಸತ್ಯವಲ್ಲ. ದೂರದ ಸಮುದ್ರಯಾನ, ವೆಚ್ಚ, ಸಿದ್ಧತೆಯ ಕೊರತೆಗಳು ಅಡ್ಡಬಂದವು. ಅವೆಲ್ಲಕ್ಕಿಂತ ಮಿಗಿಲಾಗಿ, ಒಲಿಂಪಿಕ್ ಕ್ರೀಡೆಗಳ ಮುಂದೆ ವಿಶ್ವಕಪ್ಪಿನ ಮಹತ್ವ ನಮ್ಮ ಆಡಳಿತಗಾರರಿಗೆ ಅಂದು ತಿಳಿದಿರಲಿಲ್ಲ. ಇಪ್ಪತ್ತಮೂರರ ಹರೆಯದ ಅಹಮದ್ ಖಾನರಿಗೆ ಜಗತ್ತಿನ ಶ್ರೇಷ್ಠರೊಡನೆ ಆಡುವ ಅವಕಾಶ ಹೀಗೆ ತಪ್ಪಿತು. ಅನಂತರ ಭಾರತದ ಪುರುಷರ ತಂಡ ವಿಶ್ವಕಪ್ಪಿನ ಅಂತಿಮ ಹಂತವನ್ನು ಮುಟ್ಟಿದುದೇ ಇಲ್ಲ.

ಮರುವರ್ಷ ಸಮಾಧಾನದ ಸಂಗತಿಯೊಂದು ನಡೆಯಿತು. 1951ರ ಮಾರ್ಚಿಯಲ್ಲಿ ಹೊಸದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ಏರ್ಪಟ್ಟಿತು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರು ತಂಡದ ತರಬೇತುದಾರರು. ಶೈಲೇನ್ ಮನ್ನಾ ನಾಯಕರು. ಭಾರತ ಇಂಡೊನೇಷ್ಯವನ್ನೂ ಆಫ್ಘಾನಿಸ್ತಾನವನ್ನೂ ತಲಾ 3–0ರಿಂದ ಸೋಲಿಸಿತು. ಮಾರ್ಚಿ 10ರ ಅಂತಿಮ ಪಂದ್ಯದಲ್ಲಿ ಮೇವಾಲಾಲರು ಹೊಡೆದ ಒಂದೇ ಗೋಲಿನಿಂದ ಇರಾನನ್ನು ಮಣಿಸಿ ಚಿನ್ನದ ಪದಕವನ್ನು ಪಡೆಯಿತು. ಆ ಚಿನ್ನದ ತಂಡದಲ್ಲಿ ಅಹಮದ್ ಖಾನರೂ ಇದ್ದರು.

ಆದರೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಕಹಿಯಾದ ಸತ್ಯವನ್ನು ತೋರಿಸಿಕೊಟ್ಟಿತು. ಜುಲೈ 15ರಂದು ಭಾರತ ಯುಗೊಸ್ಲಾವಿಯವನ್ನು ಎದುರಿಸಿತು. ಯುಗೊಸ್ಲಾವಿಯ ಅಂದು ಯೂರೋಪಿನ ಅತ್ಯಂತ ಬಲಿಷ್ಠ ತಂಡಗಳಲ್ಲೊಂದು; ಆ ಕೂಟದಲ್ಲಿಯೇ ಮುಂದೆ ಬೆಳ್ಳಿಯ ಪದಕವನ್ನು ಗಳಿಸಿತು. ಫಿನ್ಲೆಂಡಿನ ತಣ್ಣನೆಯ ನೆಲದ ಮೇಲೆ ನಮ್ಮವರ ಬರಿಗಾಲುಗಳು ಮರಗಟ್ಟಿದವು. ಅರ್ಧ ಆಟ ಮುಗಿಯುವ ಹೊತ್ತಿಗೆ ಐದು ಗೋಲುಗಳು. ಆಟ ಮುಗಿಯುವ ಹೊತ್ತಿಗೆ ಹತ್ತು. ಇಂತಹ ಸೋಲಿನಲ್ಲಿ ಕಾಲು ಸೋಲುವ ಮೊದಲೇ ಮನಸ್ಸು ಸೋಲುತ್ತದೆ. ಎಷ್ಟು ಬೇಗ ಸೀಟಿ ಊದಿ ಆಟ ಮುಗಿದೀತೋ ಎಂದು ಕಾಯುವುದು ಮಾನವ ಸಹಜ. ಆದರೆ ಎಂಬತ್ತೊಂಬತ್ತನೆಯ ನಿಮಿಷದಲ್ಲಿ ಅಹಮದ್ ಖಾನರು ಗೋಲು ಹೊಡೆದರು. ನಾಲ್ಕು ವರ್ಷಗಳ ಹಿಂದೆ ಇಲ್‌ಫರ್ಡಿನಲ್ಲಿ ಭಾರತ ಸೋತುದು ಇದೇ ಎಂಬತ್ತೊಂಬತ್ತನೆಯ ನಿಮಿಷದಲ್ಲಿ. ಅಂದು ಉಸಿರು ಸಾಲದೆ ಸೋತ ತಂಡದಲ್ಲಿದ್ದ ಆಟಗಾರ ಇಂದು ಅದೇ ನಿಮಿಷದಲ್ಲಿಯೂ ಚೆಂಡಿನ ಬೆನ್ನು ಬಿಟ್ಟಿರಲಿಲ್ಲ. ಫಲಿತಾಂಶ 10–1. ಆ ಒಂದು ಗೋಲಿನಿಂದ ಪಂದ್ಯದ ಗತಿ ಬದಲಾಗಲಿಲ್ಲ, ದಿಟ. ಆದರೆ ಎಲ್ಲ ಕಳೆದ ಮೇಲೆಯೂ ಕಡೆಯ ಗಳಿಗೆಯವರೆಗೆ ಕರ್ತವ್ಯವನ್ನು ಬಿಡದಿರುವುದು ಎಂತಹುದೆಂಬುದನ್ನು ಅದು ತೋರಿಸಿತು.

ಹೆಲ್ಸಿಂಕಿಯ ಸೋಲಿನಿಂದ ನಮ್ಮ ಕಾಲ್ಚೆಂಡಾಟದ ಆಡಳಿತಗಾರರು ಎಚ್ಚೆತ್ತರು. ಆಟಗಾರರು ಬೂಟು ಧರಿಸುವುದು ಕಡ್ಡಾಯವಾಯಿತು. ಬರಿಗಾಲಿನ ಯುಗ ಅಲ್ಲಿಗೆ ಮುಗಿಯಿತು. ಬಾಲ್ಯದಿಂದಲೂ ಬರಿಗಾಲಿನಲ್ಲಿ ಆಡಿ ಬೆಳೆದವರಿಗೆ ಇದು ಸುಲಭದ ಮಾರ್ಪಾಡಾಗಿರಲಿಲ್ಲ. ಹಲವರ ಆಟ ಇದರಿಂದ ಕಳೆಗುಂದಿತು. ಅಹಮದರು ಈ ಬದಲಾವಣೆಯ ಕಾಲವನ್ನು ದಾಟಿ ಆಟವನ್ನು ಮುಂದುವರಿಸಿದರು. ಅಪ್ಪಾರಾವ್, ಸಾಲೆ ಮೊದಲಾದವರು ಒಬ್ಬೊಬ್ಬರಾಗಿ ಹಿಂದೆ ಸರಿದು ಪಾಂಡವರ ಬಳಗ ಚದುರಿದ ಮೇಲೆಯೂ ಅಹಮದರು ಸಂಘದಲ್ಲಿಯೇ ಉಳಿದರು. 1949ರಿಂದ 1959ರವರೆಗೆ, ಹತ್ತು ವರ್ಷಗಳ ಕಾಲ, ಕೆಂಪು ಹಳದಿಯ ಅಂಗಿಯೇ ಅವರ ಅಂಗಿಯಾಗಿದ್ದಿತು. 1956ರಲ್ಲಿ ಭಾರತ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದು ಜಗತ್ತಿನ ಗಮನ ಸೆಳೆಯಿತು. ಆ ತಂಡದಲ್ಲಿ ಅಹಮದರಿರಲಿಲ್ಲ. ಹೊಸ ತಲೆಮಾರು ಬಂದಿತ್ತು. ಆದರೆ ಇಲ್‌ಫರ್ಡ್ ಮತ್ತು ಹೆಲ್ಸಿಂಕಿಗಳಲ್ಲಿ ಬರಿಗಾಲಿನವರು ಪಟ್ಟ ಪಾಡೇ ಹೊಸಬರಿಗೆ ಹಾದಿಯನ್ನು ಸವೆಸಿತ್ತು.

ಆ ಕಾಲದ ಆಟಗಾರರಿಗೆ ಇಂದಿನವರಂತೆ ಕೋಟಿಗಟ್ಟಲೆ ಹಣವಿರಲಿಲ್ಲ. ಆಟವನ್ನು ಮನೆಮನೆಗೆ ತೋರಿಸುವ ದೂರದರ್ಶನವಿರಲಿಲ್ಲ. ಆಟಗಾರರಿಗೆ ಭಾರತ ಸರ್ಕಾರ ನೀಡುವ ಅರ್ಜುನ ಪ್ರಶಸ್ತಿ ಆರಂಭವಾದುದೇ 1961ರಲ್ಲಿ. ಆ ವೇಳೆಗೆ ಅಹಮದರ ಉತ್ತಮ ದಿನಗಳು ಕಳೆದಿದ್ದವು. ಅವರು ಹೊಡೆದ ಗೋಲುಗಳ ಚಲನಚಿತ್ರಗಳನ್ನು ನೋಡಿ ಆನಂದಿಸುವ ಅವಕಾಶ ಮುಂದಿನವರಿಗೆ ದೊರೆಯಲಿಲ್ಲ. ಕಂಡವರು ಕಾಣದವರಿಗೆ ಹೇಳಬೇಕು. ಕೇಳಿದವರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು.

ಆಟದಿಂದ ನಿವೃತ್ತರಾದ ಮೇಲೆ ಅಹಮದ್ ಖಾನರು ತಾವು ಹುಟ್ಟಿದ ಬೆಂಗಳೂರಿನಲ್ಲಿಯೇ ನೆಲೆಸಿದರು. ಅವರು ಆಡಿ ಬೆಳೆದ ನಗರ ಅವರ ಕಣ್ಣೆದುರಿಗೇ ಬೃಹದಾಕಾರವಾಗಿ ಬೆಳೆಯಿತು. ಹುಡುಗರು ಚೆಂಡಾಡುತ್ತಿದ್ದ ಎಷ್ಟೋ ಬಯಲುಗಳು ಕಟ್ಟಡಗಳಾದವು. ಪಾಂಡವರಲ್ಲಿ ಕಡೆಯವರಾಗಿ ಸಂಘವನ್ನು ಸೇರಿದ ಅವರು ತೊಂಬತ್ತು ವರ್ಷಗಳ ತುಂಬು ಬಾಳನ್ನು ಬಾಳಿ, 2017ರ ಆಗಸ್ಟ್ 27ರಂದು ಬೆಂಗಳೂರಿನಲ್ಲಿ ನಿಧನರಾದರು.

ಅಹಮದ್ ಖಾನರ ಬಾಳಿನಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶಗಳು ಎರಡು. ಸಾಧನಗಳ ಕೊರತೆ ಸಾಧಕನನ್ನು ತಡೆಯಲಾರದು. ಆದರೆ ಸಿದ್ಧತೆಯ ಕೊರತೆಗೆ ಕೌಶಲವೊಂದೇ ಪರಿಹಾರವೂ ಆಗಲಾರದು. ಬರಿಗಾಲಿನ ಚೆಲುವನ್ನೂ ಅದರ ಮಿತಿಯನ್ನೂ ಅವರ ಆಟ ಒಟ್ಟಿಗೆ ತೋರಿಸಿತು. ಇದು ಮೊದಲನೆಯದು. ಎರಡನೆಯದು ಇನ್ನೂ ಹಿರಿದು. ಮನುಷ್ಯರು ತಮ್ಮ ನಡುವೆ ಗಡಿಗಳನ್ನು ಎಳೆದುಕೊಂಡು ನೆತ್ತರು ಹರಿಸಿದ ದಿನಗಳಲ್ಲಿ, ಬೆಂಗಳೂರಿನ ಮುಸಲ್ಮಾನ ತರುಣನೊಬ್ಬ ಆ ನೆತ್ತರಿನಲ್ಲಿ ಎಲ್ಲವನ್ನೂ ಕಳೆದುಕೊಂಡವರ ತಂಡಕ್ಕಾಗಿ ಹತ್ತು ವರ್ಷ ಆಡಿದ. ಅವರು ಅವನನ್ನು ತಮ್ಮ ಪಾಂಡವನೆಂದು ಕರೆದರು. ಬೀದಿಯ ಜನ ಪ್ರೀತಿಯಿಂದ ಇಟ್ಟ ಆ ಹೆಸರಿಗಿಂತ ದೊಡ್ಡ ಬಿರುದು ಅಹಮದ್ ಖಾನರಿಗೆ ಬೇರೆ ಯಾವುದೂ ಬರಲಿಲ್ಲ, ಬೇಕಾಗಿಯೂ ಇರಲಿಲ್ಲ.